ಐವತ್ತೆಂಟು ಸೆಕೆಂಡು

ಯೆಕಟೆರಿನ್‌ಬರ್ಗಿನ ಬ್ರೆಡ್ಡು ಕಾರ್ಖಾನೆಯಲ್ಲಿ
ರಾತ್ರಿ ಪಾಳಿಯ ತಾಜಿಕರಿಗೆಲ್ಲ
ಜುಮಾಬೊಯ್ ಹೇಳಿದ್ದೇ ಶಾಸನ:

ಒಂಟೆ ಚಿತ್ರದ ಕಾರ್ಡು ಮುಟ್ಟಬೇಡ,
ನೂರು ನಿಮಿಷ ಅಂತ ಬರೆದು ಅರವತ್ತಕ್ಕೆ ಕೈಯೆತ್ತುತ್ತದೆ.
ನೀಲಿ ಸಿಮ್ಮು ಹಾಕು. ಹನ್ನೆರಡು ಹೊಡೆಯಲಿ.
ಮೊದಲು ಈ ಐದಂಕಿ, ಆಮೇಲೆ ಊರಿನ ನಂಬರು.
ಅರವತ್ತೊಂದನೇ ಸೆಕೆಂಡು
ಇಡೀ ಇನ್ನೊಂದು ನಿಮಿಷ ನುಂಗುತ್ತದೆ, ಜೋಕೆ,
ಐವತ್ತೆಂಟಕ್ಕೆ ಕಡಿ.

ನಮ್ಮಮ್ಮನಿಗೆ ಕ್ಷೇಮ ಕೇಳಲಿಕ್ಕೇ ಎರಡು ನಿಮಿಷ ಬೇಕು.
ಮೈ ಹೇಗಿದೆ, ಮನಸ್ಸು ಹೇಗಿದೆ, ಕೆಲಸ ಸುಸೂತ್ರವೆ,
ಕೋಣೆ ಬೆಚ್ಚಗಿದೆಯೆ, ಜುಮಾಬೊಯ್‌ನ ಹಲ್ಲುನೋವು...
ಕುಲೋಬಿನಲ್ಲಿ ಇಷ್ಟು ಕೇಳದೆ ಯಾರೂ ಮಾತಿಗಿಳಿಯುವುದಿಲ್ಲ.
ಕಡಿದೆ.
ಎಷ್ಟೋ ಸಲ, ಆ ಹಲ್ಲಿನ ಹತ್ತಿರವೇ ಕಡಿದೆ.

ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಅವಳೂ ಪಳಗಿದಳು:
"ಹಣ ಬಂತು. ಮೇಕೆ ಮಾರಿದೆ. ನಿಗೊರಾಗೆ ಗಂಡು. ಇಡು."
ಗಂಡು ಸಿಕ್ಕಿತೋ, ಹುಟ್ಟಿತೋ,
ತಿಳಿಯಲು ಇನ್ನೊಂದು ಕಾರ್ಡು ಬೇಕಾಯಿತು.
ಜುಮಾಬೊಯ್ ಮಾತ್ರ ತೊಡೆ ತಟ್ಟಿ ನಕ್ಕ:
ಹನ್ನೊಂದೇ ಸೆಕೆಂಡು! ನಮ್ಮನ್ನೆಲ್ಲ ಮೀರಿಸಿದಳಲ್ಲೋ ಮುದುಕಿ!

ಈಗ ಎಲ್ಲ ಪುಕ್ಕಟೆ. ಮುಖವೂ ಕಾಣುತ್ತದೆ.
ಹಿಟ್ಟಿನ ಚೀಲಕ್ಕೆ ಫೋನು ಒರಗಿಸಿ
ಎಷ್ಟು ಹೊತ್ತು ಬೇಕಾದರೂ ಕೂರಬಹುದು.
ಅಮ್ಮಾ, ನಿಧಾನ. ಇದಕ್ಕೆ ದುಡ್ಡಿಲ್ಲ.
ಕೇಳು, ಮೈ ಹೇಗಿದೆ ಅಂತ ಕೇಳು.

ತೆರೆಯ ತುಂಬ ಅವಳ ಗದ್ದ, ಅರ್ಧ ಚಹಾ ಬಟ್ಟಲು.
"ಚೆನ್ನಾಗಿದ್ದೀಯಲ್ಲ, ಕಾಣುತ್ತದೆ" ಅಂದಳು.
ಜುಮಾಬೊಯ್ ಕೊನೆಗೂ ಹಲ್ಲು ಕೀಳಿಸಿದ್ದು
ಹೇಳಬೇಕೆಂದಿದ್ದೆ,
ಅವಳಾಗಲೇ ಕೆಂಪು ಗುಂಡಿ
ಹುಡುಕುತ್ತಿದ್ದಳು.