ಸದ್ದು ಬೇಕು, ಗಾಳಿ ಬ್ಯಾಡ

ಶಕ್ತಿನಗರದ ಕ್ವಾರ್ಟರ್ಸಿನಾಗ ಚಳಿ ಅಂದ್ರ
ಎಳ್ಳಮಾಸಿಯಿಂದ ಎಣಿಸಿ ನಲವತ್ತು ದಿನ.
ಆ ನಲವತ್ತೂ ದಿನ ನಮ್ಮದು ಜಗಳ.

ಟರ್ಬೈನಿನ ಬಗಲಿಗೆ ಇಪ್ಪತ್ತೆರಡು ವರ್ಷ ನಿಂತ ಕಿವಿ ಇವರದು,
ಸುಮ್ಮನಿದ್ದರ ಹೆದರತದ.
ಹೊದ್ದಿಗಿ ಮೂಗಿನ ತನಕ ಎಳಕೊಂಡರೂ
ಮ್ಯಾಲೆ ಫ್ಯಾನು ತಿರುಗಬೇಕು.
ನನಗ ಆ ಗಾಳಿ ಮೊಣಕಾಲಿನಾಗ ಹೊಕ್ಕು ಕೂಡತದ.
ನಾ ಎದ್ದು ರೆಗ್ಯುಲೇಟರು ಸೊನ್ನಿಗೆ ತಿರುವತಿದ್ದೆ,
ಇವರು ಎದ್ದು ಎರಡಕ್ಕ.
ನಡುರಾತ್ರಿ ಕತ್ತಲಾಗ, ಗ್ವಾಡಿ ಹತ್ತಿರ
ಇಬ್ಬರ ಕೈ ಒಂದಕ್ಕೊಂದು ಬಡಿದದ್ದೂ ಅದ.

ಹೋದ ವರ್ಷ ಒಂದು ಐತವಾರ
ಮಂಚದ ಮ್ಯಾಲೆ ಸ್ಟೂಲು, ಸ್ಟೂಲಿನ ಮ್ಯಾಲೆ ಇವರು.
ಫ್ಯಾನಿನ ಬಟ್ಟಲಾ ಕೆಳಗ ಜಾರಿಸಿ
ಕಂಡೆನ್ಸರಿನ ವೈರು ಅತ್ತಲದ್ದು ಇತ್ತ, ಇತ್ತಲದ್ದು ಅತ್ತ.
ಇಳಿದು, "ಹಾಕು ನೋಡಮು" ಅಂದರು.
ಹಾಕಿದೆ.

ಮೊದಲು ಬಿದ್ದದ್ದು ಬೂದಿ.
ರೆಕ್ಕಿಯ ಒಂದ ಅಂಚಿಗೆ ವರ್ಷಾನುಗಟ್ಟಲೆ ಹತ್ತಿ ಕುಂತದ್ದು
ದಿಕ್ಕು ಬದಲಾದದ್ದ ತಡ
ಚಾದರು, ದಿಂಬು, ನೆನೆಯಿಟ್ಟ ಕಡ್ಲಿಬ್ಯಾಳಿ, ಎಲ್ಲಾ ಬೂದಿ.
ಇದ್ದಲಿ ಸುಟ್ಟು ಕರೆಂಟು, ಕರೆಂಟಿನಿಂದ ಫ್ಯಾನು,
ಫ್ಯಾನಿನಿಂದ ಮತ್ತ ಬೂದಿ, ನನ್ನ ಕಸಬರಿಗಿಗೆ.

ಆಮ್ಯಾಲೆ ನೋಡಿದೆ: ಗಾಳಿ ಮ್ಯಾಲಕ್ಕ ಹೊಂಟದ,
ಛತ್ತು ಮುಟ್ಟಿ, ಗ್ವಾಡಿ ಹಿಡಿದು ಮೆಲ್ಲಕ ಇಳಿಯತದ.
ಕ್ಯಾಲೆಂಡರಿನ ಹಾಳಿ ಅಲುಗತದ,
ಮೊಣಕಾಲಿಗೆ ಸುದ್ದೀನೂ ಇಲ್ಲ.
ಸದ್ದು ಮಾತ್ರ ಇದ್ದಂಗ ಅದ.

ಬಾಜೂ ಮನಿ ಖಾಜಾಬಿ ಇಣುಕಿ ನೋಡಿ
"ಉಲ್ಟಾ ತಿರುಗಸಬಾರದವ್ವಾ" ಅಂದಳು.
ಇವರು ಗಡಿಯಾರ ತೋರಿಸಿದರು:
"ಇಷ್ಟು ವರ್ಷ ಇದ್ದದ್ದು ಉಲ್ಟಾ.
ಈಗ ನೋಡು, ಮುಳ್ಳಿನ ಜೋಡಿ ಹೊಂಟದ."
ಮಲಗಿ ನೋಡಿದೆ. ಖರೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋತು.
ವೈರಿನ ನೆನಪು ಇಬ್ಬರಿಗೂ ಇಲ್ಲ.
ಯುಗಾದಿ ಹೊತ್ತಿಗೆ ಐದರಾಗ ಇಟ್ಟರೂ ಬೆವರು.
ವೋಲ್ಟೇಜಿಗೆ ಬೈದಿವಿ,
ಅಂದ್ರ ಇವರ ಕೆಲಸಕ್ಕ ಇವರೇ ಬೈದಂಗ.
ಎಂಬತ್ತು ರೂಪಾಯಿ ಕೊಟ್ಟು ಹೊಸ ಕಂಡೆನ್ಸರು ತಂದು
ಬಟ್ಟಲಾ ಬಿಚ್ಚಿದ ಮ್ಯಾಲೆ
ಸ್ಟೂಲಿನಿಂದ ಬೀಳೂವಂಗ ನಕ್ಕರು.

ಈಗ ಕ್ಯಾಲೆಂಡರಿನಾಗ ಎರಡು ಬಾಣ ಬರದೀವಿ.
ಹೋಳಿ ಹುಣ್ಣಿವಿಗೆ ಕೆಳಗ, ಎಳ್ಳಮಾಸಿಗೆ ಮ್ಯಾಲಕ್ಕ.
ಉಳಿದ ಹಬ್ಬಕ್ಕ ಗುರುತು ಹಾಕೂದು ನಾ ಬಿಟ್ಟೀನಿ.

ನಿನ್ನೆ ರಾತ್ರಿ ಯೂನಿಟ್ಟು ಟ್ರಿಪ್ಪಾಗಿ ಕರೆಂಟು ಹೋತು.
ಫ್ಯಾನು ನಿಂತ ಕೂಡಲೆ
ಇವರಿಗಿಂತ ಮೊದಲು
ಎಚ್ಚರಾದದ್ದು ನನಗ.