ಒತ್ತು

ಮೌಸು ಕೆಟ್ಟು ತಿಂಗಳಾಗಿತ್ತು.
ಹೊಸದು ತಗೋಳ್ರಿ ಅಂದಿದ್ದ ದಾವಲ,
ಆಮ್ಯಾಲ ತಾನ ತಲಿ ಕೆರಕೊಂಡು
"ನಿಮಗ ಅದರ ಜರೂರತ್ತ ಇಲ್ಲ ಬಿಡ್ರಿ ಕಾಕಾ" ಅಂತ
ಒಂದು ಕರಿ ಪರದೆ ತಗದು ಕೊಟ್ಟ.
ಚಿತ್ರ ಇಲ್ಲ, ಗುಂಡಿ ಇಲ್ಲ,
ಮೂಲ್ಯಾಗ ಒಂದು ಹಸರು ಗೆರಿ, ಮಿಣುಕು, ಮಿಣುಕು.
ಏನಂತೈತೋ ಅದು?
"ನೀವು ಏನಂತೀರಿ ಅಂತ ಕಾಯಾಕತ್ತೈತ್ರಿ."

ಬೆಟಗೇರಿ ಓಣ್ಯಾಗ ಮೂವತ್ತೊಂದು ವರ್ಷ
ಸೀಸದ ಅಕ್ಷರ ಜೋಡಿಸಿದ ಕೈ ಇದು.
ಯಾವ ಖಾನೆದಾಗ ಯಾವುದು, ಬೆರಳಿಗೆ ಗೊತ್ತಿತ್ತು,
ಕಣ್ಣನ್ನ ಕೇಳ್ತಿರಲಿಲ್ಲ.
ಪ್ರೆಸ್ಸು ಮುಚ್ಚಿ ಅಚ್ಚಿನ ಮೊಳಿ ಎಲ್ಲಾ ತೂಕಕ್ಕ ಮಾರಿದ ದಿನ
ನನ್ನ ಜೇಬಿನ್ಯಾಗ ಒಂದು ಳ ಉಳದಿತ್ತು.
ಈಗೂ ಐತಿ, ಅಡಕಿ ಚೀಲದಾಗ.

ನನ್ನ ಲೆಕ್ಕ ಸಣ್ಣದು:
ಮದಿವಿ ಪತ್ರಿಕಿ, ಪಾವತಿ ಪುಸ್ತಕ, ಸೊಸಾಯಿಟಿ ಅಹವಾಲು,
ಆರ್ಡರು ತಗೊಂಡು ಹುಬ್ಬಳ್ಳಿ ಆಫ್‌ಸೆಟ್ಟಿಗೆ ಕಳಸೂದು.
ಯಾವ ಕೆಲಸಕ್ಕ ಏನು ಹೆಸರಿಡೂಣ್ರಿ, ಅಂದ ದಾವಲ.
'ಉದ್ರಿ' ಒತ್ತಿದ್ರ ಬಾಕಿದಾರರ ಸಾಲು, ಹಳೇದು ಮೊದಲ.
'ತಿಥಿ' ಅಂದ್ರ ಈ ವಾರ ಯಾರ ಲಗ್ನ,
ಯಾರ ಪತ್ರಿಕಿ ಇನ್ನೂ ಮುಟ್ಟಿಲ್ಲ.
'ಬುತ್ತಿ' ಅಂದ್ರ ಇಡೀ ದಿನದ್ದು ಗಂಟು ಕಟ್ಟಿ ಪೆನ್‌ಡ್ರೈವಿಗೆ.
ರಾತ್ರಿ ಒಂಬತ್ತಕ್ಕ ಬುತ್ತಿ ಕಟ್ಟದ ನಾನು ಮಲಗಂಗಿಲ್ಲ.
'ಥೂ' ಅಂದ್ರ ತಪ್ಪು ಬರದದ್ದು ವಾಪಸ್.
ಅದು ದಾವಲಂದು ಚ್ಯಾಷ್ಟಿ.

ಒಂದ ತೊಡಕು.
ಕರಿ ಪರದ್ಯಾಗ ಕನ್ನಡ ನೆಟ್ಟಗ ಕೂಡಂಗಿಲ್ಲ.
ವಿರುಪಾಕ್ಷಪ್ಪ ಅಂತ ಹೊಡದ್ರ
ಕ ಒಂದು ಕಡೆ, ಷ ಒಂದು ಕಡೆ,
ಪ್ಪದ ಒತ್ತು ಜಾರಿ ಪಕ್ಕದ ಮನ್ಯಾಗ.
ದಾವಲಗ ನಾಚಿಕಿ.
ಮೂರು ಸಂಜಿ ಫಾಂಟು ಹುಡುಕಿದ, ಯಾರ್‍ಯಾರಿಗೋ ಬೈದ,
ಕಡೀಕ "ಆಗವಲ್ದು ಕಾಕಾ" ಅಂದ.

ನಾನು ನೋಡಕೋತ ಕುಂತೆ.
ಕ. ಷ. ಒತ್ತು ಬ್ಯಾರೆ, ದೀರ್ಘ ಬ್ಯಾರೆ.
ಹಿಂಗ ಅಲ್ಲೇನು ಅವು ಮಲಗತಿದ್ವು,
ಖಾನೆ ಖಾನೆದಾಗ, ತಮ್ಮಷ್ಟಕ್ಕ,
ಮುಂಜಾನಿ ಒಂಬತ್ತೂವರಿಗೆ
ನಾನು ಅಂಗಿ ತೋಳು ಮಡಚೂತನಕ?

ಇರಲಿ ಬಿಡೋ, ಅಂದೆ. ಕೂಡಸಾವ ನಾ ಅದೇನಿ.

ಚಾ ತರಾಕ ಅವ ಹೋದಾಗ
ಉದ್ರಿ ಒತ್ತಿದೆ.
ಮ್ಯಾಲಿನ ಸಾಲಿನ್ಯಾಗ ಅವನ, ವಿರುಪಾಕ್ಷಪ್ಪ,
ನಾಕು ತುಂಡಾಗಿ ಬಿದ್ದಾನ.
ಸಾವಿರದ ನೂರಾ ಎಂಬತ್ತು ರೂಪಾಯಿ, ಹೋದ ಜ್ಯೇಷ್ಠದ್ದು,
ಅದು ಮಾತ್ರ ಒಂಚೂರೂ ಒಡದಿಲ್ಲ.