ಹದಿನೈದರ ಪಾನಾ

ಸೀಟಿಲ್ಲದ ಸೈಕಲ್ಲು ತಂದು ನಿಲ್ಲಿಸಿದ ಗಾದ್ರಿಪಾಲ,
ನಿಲ್ಲಿಸಿದ ಅಂದರೆ ಬೇವಿಗೆ ಒರಗಿಸಿದ, ಸ್ಟ್ಯಾಂಡೂ ಇಲ್ಲ ಅದಕ್ಕೆ.
ಮಡ್‌ಗಾರ್ಡು, ಕ್ಯಾರಿಯರು, ಬೆಲ್ಲು, ಒಂದೂ ಇಲ್ಲ.
ಕಳ್ಳರು ಬಿಚ್ಚಿಕೊಂಡು ಹೋದರೇನಪ್ಪ ಅಂದೆ.
ನಗಲಿಲ್ಲ. ಜೇಬಿಂದ ಕಾಗದದ ಪೊಟ್ಟಣ ತೆಗೆದ,
ಶೇಂಗಾ ಕಟ್ಟಿದ ಹಾಗೆ ಕಟ್ಟಿದ್ದ,
ಒಳಗೆ ಒಂದು ಫ್ರೀವೀಲು, ಎರಡು ಹಲ್ಲುಚಕ್ರದ್ದು.
'ದಸ್ತಗೀರಣ್ಣ, ಇದು ಹಾಕಿದರೆ ಉಪಯೋಗ ಐತಾ?'

ಮೂವತ್ತೊಂದು ವರ್ಷ ತುರುವನೂರು ರಸ್ತೆಯ ಈ ಬೇವಿನ ಕೆಳಗೆ
ಪಂಕ್ಚರು ಹಾಕಿದವನು ನಾನು.
ಹಾಲಿನ ಕ್ಯಾನಿನ ಸೈಕಲ್ಲು, ಐಸ್‌ಕ್ಯಾಂಡಿಯ ಸೈಕಲ್ಲು,
ಪೋಸ್ಟ್‌ಮ್ಯಾನ್ ನಿಂಗರಾಜಪ್ಪನ ಕೆಂಪು ಸೈಕಲ್ಲು,
ಎಲ್ಲವೂ ಎಲ್ಲಿಗೋ ಹೋಗುವಂಥವು.
ಇದು ಮಾತ್ರ ಹೋಗುವುದಕ್ಕಲ್ಲವಂತೆ,
ಚಂದ್ರವಳ್ಳಿಯಾಚೆ ಬಂಡೆಯಿಂದ ಬಂಡೆಗೆ
ಆಡಿನ ಹಾಗೆ ಹಾರುವುದಕ್ಕಂತೆ.

ಫ್ರೀವೀಲನ್ನು ಅಂಗೈಯಲ್ಲಿಟ್ಟು ತಿರುಗಿಸಿದೆ.
ಒಳಗೆ ಎರಡು ಕುತ್ತಾ ಇರುತ್ತವೆ, ನಾವು ಕರೆಯುವುದೇ ಹಾಗೆ;
ಹಿಂದಕ್ಕೆ ತಿರುಗಿದರೆ ಟಿಕಟಿಕ ಬೊಗಳುತ್ತವೆ,
ಮುಂದಕ್ಕೆ ತುಳಿದರೆ ಕಚ್ಚುತ್ತವೆ.
'ನಿನಗೆ ಬೇಕಾದ್ದು ಬೇಗ ಕಚ್ಚುವ ನಾಯಿ,
ಮನೆಗೆ ಎರಡು ಬಾಗಿಲಲ್ಲ' ಅಂದೆ.

ಅವನ ಲೆಕ್ಕ ಬೇರೆ:
ಇಪ್ಪತ್ತು ಹಲ್ಲಿನದು ಬಂಡೆಗೆ, ಹದಿನಾರರದು ರಸ್ತೆಗೆ.
ಬಂಡೆಯ ಗೇರಿನಲ್ಲಿ ಆರು ಕಿಲೋಮೀಟರು ತುಳಿದರೆ
ಕಾಲು ಮಜ್ಜಿಗೆ ಕಡೆದ ಹಾಗೆ ಗಿರಗಿರ, ಸೈಕಲ್ಲು ಇದ್ದಲ್ಲೇ.
'ಬಂಡೆ ಮುಟ್ಟೋ ಹೊತ್ತಿಗೆ ತೊಡೆ ಸತ್ತಿರ್ತಾವೆ ಅಣ್ಣ.'

ನಾನೂ ನನ್ನ ಲೆಕ್ಕ ಹೇಳಿದೆ.
ಚೈನು ಒಂದಕ್ಕೆ ನೇರ ಇದ್ದರೆ ಇನ್ನೊಂದಕ್ಕೆ ಸೊಟ್ಟ.
ಬದಲಿಸಲು ಲಿವರಿಲ್ಲ. ನಟ್ಟು ಸಡಿಲಿಸಿ,
ಚಕ್ರ ಹಿಂದೆಮುಂದೆ ಸರಿಸಿ, ಕೈಯಿಂದ ಚೈನೆತ್ತಿ ಕೂರಿಸಬೇಕು.
ಹದಿನೈದರ ಪಾನಾ ಇಲ್ಲದಿದ್ದರೆ ಅದು ಎರಡಲ್ಲ, ಒಂದೇ.
ಹಾರುವಾಗ ಚೈನೂ ಹಾರಿದರೆ?
ಪ್ಯಾಂಟು ಮಡಚಿ ಮೊಣಕಾಲ ಕೆಳಗಿನ ಕಲೆ ತೋರಿಸಿದ.
ಅದು ಮೊದಲೇ ಆಗಿದ್ದು,
ಹಲ್ಲುಚಕ್ರ ಒಂದೇ ಇದ್ದಾಗ.

ಹಾಕಿಕೊಟ್ಟೆ. ಸೋತು ಅಲ್ಲ,
ಸಂಜೆಯಾಗಿತ್ತು, ಬೇರೆ ಗಿರಾಕಿ ಇರಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಅಂಗಡಿಗೆ ಬೀಗ ಹಾಕಿ
ನನ್ನ ಹಳೇ ಡಬಲ್ ಬಾರಿನಲ್ಲಿ ಹಿಂದೆ ಹೋದೆ, ನೋಡೋಣ ಅಂತ.
ರಸ್ತೆಯಲ್ಲಿ ನಿಂತೇ ತುಳಿದು ನನ್ನನ್ನು ಹಿಂದೆ ಹಾಕಿದ ಹುಡುಗ.
ಹದಿನಾರು ಹಲ್ಲಿನ ಮಾತು ಸುಳ್ಳಲ್ಲ, ಒಪ್ಪಿದೆ.
ಬುಡದಲ್ಲಿ ಚೈನು ಬದಲಿಸಿದ. ಹತ್ತಿದ.

ಆಮೇಲೆ ಅವನು ಮಾಡಿದ್ದು, ನಿಂತದ್ದು.
ಬಂಡೆಯ ಹಣೆಯ ಮೇಲೆ, ಎರಡೂ ಬ್ರೇಕು ಹಿಡಿದು,
ಕೆಳಗೆ ಸೀತಾಫಲದ ಗಿಡಗಳಲ್ಲಿ ಗಾಳಿ ಓಡಾಡಿತು,
ದೂರದ ಗುಡ್ಡದ ಗಾಳಿಯಂತ್ರ ಸುತ್ತಿತು, ಮತ್ತೆ ಸುತ್ತಿತು,
ಅವನು ಇನ್ನೂ ನಿಂತೇ ಇದ್ದ.
ಇಪ್ಪತ್ತಕ್ಕೂ ಕೆಲಸವಿಲ್ಲ, ಹದಿನಾರಕ್ಕೂ ಇಲ್ಲ,
ಕುತ್ತಾಗಳು ಬಾಯಿ ಮುಚ್ಚಿಕೊಂಡಿದ್ದವು.
ಕಾಲು ಸುತ್ತಿನ ಒಂದು ತುಳಿತ. ಕಚ್ಚಿತು.
ಸೈಕಲ್ಲು ಆಚೆ ಬಂಡೆಯ ಮೇಲಿತ್ತು.
ನಡುವೆ ಏನಾಯಿತೋ ನಾನು ನೋಡಲಿಲ್ಲ,
ಕಣ್ಣು ಮುಚ್ಚಿಬಿಟ್ಟಿದ್ದೆ.

ಕತ್ತಲಾಗುವಾಗ ಇಳಿದು ಬಂದ, ಜೇಬು ತಡವಿದ.
ಪಾನಾ ಹಾರುವಾಗ ಎಲ್ಲೋ ಉದುರಿತ್ತು.
ನನ್ನದೇ ಪಾನಾ, ಎರವಲು ಕೊಟ್ಟದ್ದು.
ಮೊಬೈಲಿನ ಬೆಳಕಲ್ಲಿ ಬಂಡೆಯ ಸಂದಿಗಳಿಗೆಲ್ಲ ಇಣುಕಿದೆವು.
ಒಂದು ಓತಿಕ್ಯಾತ ಸಿಕ್ಕಿತು.

ಊರಿನವರೆಗೂ ಬಂಡೆಯ ಗೇರಿನಲ್ಲೇ ಬಂದ,
ಕಾಲು ಗಿರಗಿರ, ಗಿರಗಿರ.
ಪಕ್ಕದಲ್ಲಿ ನಾನು, ಎರಡು ಸಲ ತುಳಿದು ಸುಮ್ಮನೆ ಬಿಟ್ಟು,
ನನ್ನ ಫ್ರೀವೀಲು ಟಿಕಟಿಕ ಬೊಗಳುತ್ತ.
'ಈಗ ಹೇಳಣ್ಣ, ಉಪಯೋಗ ಐತಾ?' ಕೇಳಿದ ಏದುಸಿರಲ್ಲಿ.
ಹೊಳಲ್ಕೆರೆ ರಸ್ತೆ ಕೂಡುವ ತನಕ ಯೋಚಿಸಿದೆ.
'ಮೊದಲು ಪಾನಾದ ದುಡ್ಡು ಕೊಡು' ಅಂದೆ.